ಆಯಿಲ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಸದ್ದು: ಕಾರಣ ಹುಡುಕೋದು ಹೇಗೆ?

ಹಳೇ ಟ್ರಕ್ಕಿಗೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿ ಒಂದು ರೌಂಡ್ ಹೋಗಿ ಬಂದರೆ ಹೊಸದೊಂದು ಸದ್ದು ಕೇಳುತ್ತೆ. "ಹೊಸ ಆಯಿಲ್‌ನಿಂದಲೇ ಹೀಗಾಯ್ತು" ಅಂತ ಎಲ್ಲರಿಗೂ ಮೊದಲು ಅನಿಸೋದು. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ತೀರ್ಮಾನ ತಪ್ಪಿದರೆ ಎರಡು ಕಡೆಯೂ ನಷ್ಟ: ಬರೀ ಆಯಿಲ್ ತೊಂದರೆಗೆ ಇಡೀ ಗೇರ್‌ಬಾಕ್ಸ್ ಬಿಚ್ಚಿಸ್ತೀವಿ, ಇಲ್ಲಾ ಸವೆದುಹೋದ ಬೇರಿಂಗ್ ಇಟ್ಕೊಂಡೇ ಓಡಿಸ್ತೀವಿ.

ಉದಾಹರಣೆಗೆ ಅಮೆರಿಕದಲ್ಲಿ 1990ರ ದಶಕದಲ್ಲಿ ಓಡುತ್ತಿದ್ದ ಫೋರ್ಡ್ ಎಫ್-150 ಪಿಕಪ್ ಟ್ರಕ್ ತಗೊಳ್ಳೋಣ. ಅದರ ಎಂ5ಓಡಿ ಅನ್ನೋ ಐದು ಗೇರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್ ಮಜ್ದಾ ತಯಾರಿಕೆ.

ಹೆಜ್ಜೆ 1: ಹಾಕಿದ್ದು ಯಾವ ಆಯಿಲ್?

ಮ್ಯಾನ್ಯುವಲ್ ಅಂದ ತಕ್ಷಣ ದಪ್ಪನೆಯ ಗೇರ್ ಆಯಿಲ್ ಅಂದ್ಕೋಬೇಡಿ. ಈ ಗೇರ್‌ಬಾಕ್ಸ್‌ಗೆ ಹೇಳಿರೋದು ಕೆಂಪು ಬಣ್ಣದ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಟಿಎಫ್‌ನ ಸ್ನಿಗ್ಧತೆ ಸುಮಾರು 7 ಸೆಂಟಿಸ್ಟೋಕ್ಸ್. 80ಡಬ್ಲ್ಯು-90 ಗೇರ್ ಆಯಿಲ್‌ಗೆ ಕನಿಷ್ಠ 13.5. ಹೆಚ್ಚುಕಡಿಮೆ ಎರಡು ಪಟ್ಟು!

ಇಲ್ಲೇ ಒಂದು ಸೂಕ್ಷ್ಮ ಇದೆ. ದಪ್ಪ ಆಯಿಲ್ ಗೇರ್ ಹಲ್ಲುಗಳ ಕಟಕಟ ಸದ್ದನ್ನು ತಗ್ಗಿಸುತ್ತೆ. ಹಿಂದಿನ ಮಾಲೀಕರು ಬೇರಿಂಗ್ ಸದ್ದು ಕೇಳಬಾರದು ಅಂತ ದಪ್ಪ ಆಯಿಲ್ ಹಾಕಿದ್ದರೆ, ನೀವು ಸರಿಯಾದ ಎಟಿಎಫ್ ಹಾಕಿದಾಗ ಹಳೇ ರೋಗ ಹೊರಗೆ ಬರುತ್ತೆ. ಹಾಗಾಗಿ ಹೊರಗೆ ತೆಗೆದ ಹಳೇ ಆಯಿಲ್ ಚೆಲ್ಲಬೇಡಿ. ಅದರ ಬಣ್ಣ, ದಪ್ಪ ನೋಡಿ.

ಬೇರೆ ಟ್ರಕ್‌ಗಳಲ್ಲಿ ಇನ್ನೊಂದು ಗೊಂದಲ ಜಿಎಲ್-4 ಮತ್ತು ಜಿಎಲ್-5ರದ್ದು. ಜಿಎಲ್-5ರಲ್ಲಿ ಗಂಧಕ-ರಂಜಕದ ಅಡಿಟಿವ್ ಹೆಚ್ಚು. ಅದು ಡಿಫರೆನ್ಷಿಯಲ್‌ಗೆ ಒಳ್ಳೆಯದು. ಆದರೆ ಹಿತ್ತಾಳೆ ಸಿಂಕ್ರೊನೈಸರ್ ಉಂಗುರ ಘರ್ಷಣೆಯಿಂದಲೇ ಕೆಲಸ ಮಾಡೋದು. ಆಯಿಲ್ ತೀರಾ ಜಾರಿದರೆ ಗೇರ್ ಹಾಕುವಾಗ ಕರ್ ಅನ್ನುತ್ತೆ.

ಹೆಜ್ಜೆ 2: ಮಟ್ಟ ಸರಿ ಇದೆಯಾ?

ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಒಂದು ಕಡೆ ಮಾತ್ರ ಜ್ಯಾಕ್ ಏರಿಸಿ ತುಂಬಿದರೆ ಮಟ್ಟ ತಪ್ಪಾಗಿ ಕಾಣುತ್ತೆ. ಆಯಿಲ್ ತುಂಬೋ ಪ್ಲಗ್‌ನ ರಂಧ್ರದ ಕೆಳಅಂಚಿನವರೆಗೆ ಇರಬೇಕು. ಎಂ5ಓಡಿಯಲ್ಲಿ ಮೇಲಿನ ಕವರ್‌ನ ಹಿಂಭಾಗದ ರಬ್ಬರ್ ಪ್ಲಗ್‌ಗಳು ವಯಸ್ಸಾದ ಮೇಲೆ ಸೋರೋದು ಸಾಮಾನ್ಯ. ಅಲ್ಲಿ ಒದ್ದೆ ಇದ್ದರೆ, ಆಯಿಲ್ ಬದಲಿಸೋ ಮುಂಚೆಯೇ ಗೇರ್‌ಬಾಕ್ಸ್ ಒಣಗಿ ಓಡಿರಬಹುದು.

ಹೆಜ್ಜೆ 3: ಸದ್ದು ಯಾವಾಗ ಬರುತ್ತೆ?

ಕಾನ್‌ಸ್ಟಂಟ್ ಮೆಶ್ ಗೇರ್‌ಬಾಕ್ಸ್‌ನ ಚಿತ್ರ ನೆನಪಿಸಿಕೊಳ್ಳಿ. ಯಾವ ಭಾಗ ತಿರುಗ್ತಿದೆ, ಯಾವುದರ ಮೇಲೆ ಲೋಡ್ ಇದೆ ಅನ್ನೋದೇ ನಮ್ಮ ಸುಳಿವು.

• ನ್ಯೂಟ್ರಲ್‌ನಲ್ಲಿ ಸದ್ದು ಇದೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ: ಇನ್‌ಪುಟ್ ಶಾಫ್ಟ್ ಅಥವಾ ಕೌಂಟರ್‌ಶಾಫ್ಟ್ ಬೇರಿಂಗ್. ಹಗುರ ಕಟಕಟ ಮಾತ್ರ ಆದರೆ ಹಲ್ಲುಗಳ ನಡುವಿನ ಸಡಿಲದ ಸದ್ದೂ ಇರಬಹುದು.
• ಕ್ಲಚ್ ಒತ್ತಿದಾಗಲೇ ಬರುತ್ತೆ: ರಿಲೀಸ್ ಬೇರಿಂಗ್ ಅಥವಾ ಪೈಲಟ್ ಬೇರಿಂಗ್. ಇವೆರಡೂ ಗೇರ್ ಆಯಿಲ್‌ನಲ್ಲಿ ಮುಳುಗಿರೋದೇ ಇಲ್ಲ, ಆಯಿಲ್‌ನ ಬೈದು ಪ್ರಯೋಜನ ಇಲ್ಲ.
• ಒಂದೇ ಗೇರ್‌ನಲ್ಲಿ ಬರುತ್ತೆ: ಆ ಗೇರ್ ಜೋಡಿಯನ್ನೇ ಅನುಮಾನಿಸಿ.
• ನಾಲ್ಕನೇ ಗೇರ್‌ನಲ್ಲಿ ತುಂಬಾ ಕಡಿಮೆ, ಉಳಿದವುಗಳಲ್ಲಿ ಜಾಸ್ತಿ: ನಾಲ್ಕನೆಯದು ನೇರ ಗೇರ್, 1:1. ಆಗ ಕೌಂಟರ್‌ಶಾಫ್ಟ್ ಸುಮ್ಮನೆ ತಿರುಗುತ್ತೆ, ಲೋಡ್ ಹೊರಲ್ಲ. ಹಾಗಾಗಿ ಅನುಮಾನ ಕೌಂಟರ್‌ಶಾಫ್ಟ್ ಕಡೆಗೆ.
• ಓಡುವಾಗ ಮಾತ್ರ ಬರುತ್ತೆ, ಯಾವ ಗೇರ್ ಆದರೂ ಗಾಡಿಯ ವೇಗದ ಜೊತೆಗೇ ಏರಿಳಿಯುತ್ತೆ: ಹಿಂದಿನ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್, ಡಿಫರೆನ್ಷಿಯಲ್, ಟೈರ್ ಕೂಡ ನೋಡಿ.

ಹೆಜ್ಜೆ 4: ಲೋಹದ ಸಾಕ್ಷಿ

ಹಳೇ ಆಯಿಲ್‌ನ್ನು ತೆಳು ಬಟ್ಟೆಯಲ್ಲಿ ಸೋಸಿ. ಡ್ರೈನ್ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನೂ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾಮೂಲು ಸವೆತ. ಚಿನ್ನದ ಬಣ್ಣದ ಹೊಳಪು ಸಿಂಕ್ರೊನೈಸರ್ ಸವೆತ. ಉಗುರಿಗೆ ಸಿಗುವಷ್ಟು ಉಕ್ಕಿನ ಚೂರುಗಳಿದ್ದರೆ ಓಡಿಸೋದು ನಿಲ್ಲಿಸಿ. ಬೇರಿಂಗ್ ಮುರಿದು ಗೇರ್‌ಬಾಕ್ಸ್ ಜಾಮ್ ಆದರೆ ಹೆದ್ದಾರಿಯಲ್ಲಿ ಹಿಂದಿನ ಚಕ್ರಗಳೇ ಹಿಡಿದುಕೊಳ್ಳಬಹುದು.

ಕೊನೆಗೊಂದು ಕಿವಿಮಾತು: ಆಯಿಲ್ ಖಾಲಿ ಮಾಡೋ ಮುಂಚೆ ತುಂಬೋ ಪ್ಲಗ್ ಬಿಚ್ಚುತ್ತಾ ಅಂತ ಪರೀಕ್ಷಿಸಿ. ಇನ್ನು ಮೆಕ್ಯಾನಿಕ್ ಹತ್ರ ಹೋದಾಗ "ಏನೋ ಸದ್ದು ಬರ್ತಿದೆ ಅಣ್ಣ" ಅನ್ನೋ ಬದಲು "ನ್ಯೂಟ್ರಲ್‌ನಲ್ಲಿ ಬರುತ್ತೆ, ಕ್ಲಚ್ ಒತ್ತಿದರೆ ನಿಲ್ಲುತ್ತೆ" ಅಂತ ಹೇಳಿ. ಅವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.