ಮಣ್ಣಿನ ಇಂಗಾಲ: ಹೊಲದ ಮೂಲಧನ

ಊರಿನಲ್ಲಿ ಹೊಲ ಬಿಟ್ಟು ದುಡಿಮೆಗಾಗಿ ವಾಗ್ಳೆ ಎಸ್ಟೇಟಿಗೆ ಬಂದ ಬಂಧುಗಳು ನಮ್ಮಲ್ಲಿ ಅನೇಕರು. ಮುಂಗಾರಿಗೆ ಮೊದಲು ಬೀಜ-ಗೊಬ್ಬರಕ್ಕೆಂದು ಮನೆಗೆ ಹಣ ಕಳುಹಿಸುತ್ತೇವೆ. ಆದರೆ ಹಾಕಿದ ಗೊಬ್ಬರವನ್ನು ಹಿಡಿದಿಡುವ ಶಕ್ತಿ ಮಣ್ಣಿಗೆ ಉಳಿದಿದೆಯೇ ಎಂದು ವಿಚಾರಿಸುವವರು ಕಡಿಮೆ. ಆ ಶಕ್ತಿಗೆ ಆಧಾರವಾದುದೇ ಸಾವಯವ ಇಂಗಾಲ.

ಇದು ಮಣ್ಣಿಗೆ ಬರುವುದು ಹೇಗೆ? ಗಿಡಮರಗಳು ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಎಲೆ, ಕಾಂಡ, ಬೇರುಗಳನ್ನು ಬೆಳೆಸಿಕೊಳ್ಳುತ್ತವೆ. ಇವು ಬಿದ್ದು ಕೊಳೆತಾಗ ಎರೆಹುಳು ಮತ್ತು ಅಣುಜೀವಿಗಳು ಅವನ್ನು ಉಂಡು ಮಣ್ಣಿನಲ್ಲಿ ಬೆರೆಸುತ್ತವೆ. ನಮಗೆ ಸಮೀಪದ ಯೇವೂರು ಗುಡ್ಡದ ಕಾಡಿನಲ್ಲಿ ತರಗೆಲೆ ಸರಿಸಿ ನೋಡಿದರೆ ಈ ಕೆಲಸ ಕಣ್ಣಿಗೆ ಕಾಣುವುದು. ಅಲ್ಲಿ ಗೊಬ್ಬರ ಹಾಕುವವರಿಲ್ಲ. ಉದುರಿದ ಎಲೆಯೇ ಕಾಡಿಗೆ ಆಹಾರ.

ಇಂಗಾಲವುಳ್ಳ ಮಣ್ಣು ಹುಡಿಹುಡಿಯಾಗಿರುತ್ತದೆ, ಮಳೆಯ ನೀರನ್ನು ಹೀರಿ ಬಹುದಿನ ಹದವಾಗಿರುತ್ತದೆ, ಸಾರವನ್ನು ಕೊಚ್ಚಿಹೋಗಗೊಡುವುದಿಲ್ಲ. ಲೋಕದ ಗಾಳಿಯಲ್ಲಿಯೂ ಗಿಡಮರಗಳಲ್ಲಿಯೂ ಇರುವುದಕ್ಕಿಂತ ಹೆಚ್ಚು ಇಂಗಾಲ ಮಣ್ಣಿನಲ್ಲಿದೆ. ಮಣ್ಣು ಅದನ್ನು ಕಳೆದುಕೊಂಡರೆ ಹೊಲ ಬಡವಾಗುವುದಲ್ಲದೆ, ಗಾಳಿಗೆ ಸೇರಿದ ಇಂಗಾಲದಿಂದ ಭೂಮಿಯ ತಾಪವೂ ಏರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1978ರಿಂದ ಮಳೆಯಾಶ್ರಿತ ರಾಗಿಯ ಮೇಲೆ ದೀರ್ಘಕಾಲದ ಪ್ರಯೋಗ ನಡೆದಿದೆ. ವರ್ಷವರ್ಷವೂ ರಾಸಾಯನಿಕ ಗೊಬ್ಬರವೊಂದನ್ನೇ ಹಾಕಿದ ಕಡೆ ಕಾಲಕ್ರಮದಲ್ಲಿ ಇಳುವರಿ ಕುಗ್ಗಿತು. ಅದರ ಜೊತೆಗೆ ಹೆಕ್ಟೇರಿಗೆ 10 ಟನ್, ಎಂದರೆ ಎಕರೆಗೆ ಸುಮಾರು 4 ಟನ್, ಕೊಟ್ಟಿಗೆ ಗೊಬ್ಬರ ಹಾಕಿದ ಕಡೆ ಇಳುವರಿ ಉಳಿದು ಬಂದಿತು. ಚೀಲದ ಗೊಬ್ಬರ ಬೇಡವೆಂದಲ್ಲ, ಅದೊಂದೇ ಸಾಲದು.

ದುಡಿಯುವ ಕೈಗಳು ಇತ್ತ ಬಂದುದರಿಂದ ಎಷ್ಟೋ ಮನೆಗಳಲ್ಲಿ ದನಗಳು ಮಾರಿಹೋದವು, ತಿಪ್ಪೆ ಬರಿದಾಯಿತು, ಕೂಳೆಗೆ ಬೆಂಕಿ ಬಿದ್ದಿತು. ಹೊಲದಿಂದ ಖರ್ಚು ಮಾತ್ರ ನಡೆದು ಜಮೆ ನಿಂತರೆ ಮೂಲಧನವೇ ಕರಗುವುದು. ನಾಳೆ ಇಲ್ಲಿಯ ಕೆಲಸ ತಪ್ಪಿದರೆ ನಮಗೆ ಆಸರೆಯಾಗಬೇಕಾದುದು ಆ ಹೊಲವೇ ಅಲ್ಲವೇ?

ಆದುದರಿಂದ ಮುಂದಿನ ಸಲ ಮನೆಗೆ ಫೋನು ಮಾಡುವಾಗ ಮೂರು ಮಾತು ಹೇಳಿರಿ. ಒಂದು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಲಿ. ಚೀಟಿಯಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ಕ್ಕಿಂತ ಮೇಲಿದ್ದರೆ ಉತ್ತಮ. ಎರಡು, ಕೂಳೆ, ರವದಿಗಳನ್ನು ಸುಡದೆ ಮಣ್ಣಿಗೇ ಸೇರಿಸಲಿ. ಮೂರು, ದನಗಳಿಲ್ಲದಿದ್ದರೆ ಬದುವಿನ ಮೇಲೆ ಗೊಬ್ಬರದ ಗಿಡ ನೆಟ್ಟು ಅದರ ಸೊಪ್ಪನ್ನು ಹೊಲಕ್ಕೆ ಹಾಕಲಿ. ಒಂದೇ ವರ್ಷದಲ್ಲಿ ಫಲ ಕಾಣದು. ಬಿಡದೆ ನಡೆಸಿದರೆ ಮಾತ್ರ ಕಾಣುವುದು.