ಇಂಗಳದಾಳಿನ ಆಮ್ಲದಿಂದ ಆರ್ಕಿಯಾದ ಜೀನ್‌ವರೆಗೆ: ಹೊಸಬರಿಗೆ ಹಂತ ಹಂತವಾಗಿ

ಕುದಿಯುವಂಥ ಆಮ್ಲದಲ್ಲೇ ಬೆಳೆಯುವ, ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚೆಂದರೆ ಒಂದೆರಡು ಸಾಲು ಇರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಪದವಿ ವಿದ್ಯಾರ್ಥಿಗಳು ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಕಲಿಕೆ ಶುರುಮಾಡಲು ಬೇಕಾದ ಕಲ್ಲು ಜಿಲ್ಲೆಯಲ್ಲೇ ಇದೆ. ಜೀನೋಮ್ ಇಂಟರ್ನೆಟ್‌ನಲ್ಲಿ ಉಚಿತ.

ಹಂತ 1: ಮೊದಲು ಕಲ್ಲನ್ನು ಓದಿ

ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿ ಉಕ್ಕಿದ ಲಾವಾ ಥಟ್ಟನೆ ತಣಿದಾಗ ಮಾತ್ರ ಕಲ್ಲಿಗೆ ಆ ದುಂಡನೆಯ ಆಕಾರ ಬರುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷದ ಹಿಂದೆ ಈ ಬಯಲುಸೀಮೆ ನೀರಿನಡಿ ಇತ್ತು. ಚಿತ್ರದುರ್ಗದ ಪಕ್ಕದ ಇಂಗಳದಾಳಿನ ತಾಮ್ರದ ಅದಿರು ಕೂಡ ಇದೇ ಶಿಲಾಪಟ್ಟಿಗೆ ಸೇರಿದ್ದು. ಅದರಲ್ಲಿ ಗಂಧಕದ ಜೊತೆ ಕಬ್ಬಿಣ, ತಾಮ್ರ ಕೂಡಿರುವ ಪೈರೈಟ್ ಮತ್ತು ಚಾಲ್ಕೊಪೈರೈಟ್ ಇವೆ. ನಮ್ಮ ವಿಷಯಕ್ಕೆ ಬೇಕಾದದ್ದು ಈ ಗಂಧಕವೇ.

ಹಂತ 2: ನೀರಿನ ಹುಳಿ ಅಳೆಯಿರಿ

ಪೈರೈಟಿಗೆ ಗಾಳಿ, ನೀರು ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ತಾನಾಗಿಯೇ ನಡೆದರೆ ಅದು ಬಹಳ ನಿಧಾನದ ಕೆಲಸ. ಕಬ್ಬಿಣವನ್ನು ಉತ್ಕರ್ಷಿಸಿ ಶಕ್ತಿ ಪಡೆಯುವ ಸೂಕ್ಷ್ಮಜೀವಿಗಳು ಸೇರಿಕೊಂಡರೆ ಅದು ಅನೇಕ ಪಟ್ಟು ಚುರುಕಾಗುತ್ತದೆ. ಇಂಥ ಜೀವಿಗಳನ್ನು ಬಳಸಿ ಅದಿರಿನಿಂದ ಲೋಹ ತೆಗೆಯುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ.

ಇಂಗಳದಾಳಿನ ಹಳೆಯ ಗಣಿಯ ಸುರಂಗದೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಅನುಮತಿ ಪಡೆದು, ಅಧ್ಯಾಪಕರ ಜೊತೆ ಹೋಗಿ, ಕೈಗವಸು ಹಾಕಿಕೊಂಡು, ಹೊರಗೆ ನಿಂತ ನೀರನ್ನಷ್ಟೇ ಮುಟ್ಟಿ. ಪಿಎಚ್ ಪೇಪರ್ ಅದ್ದಿ, ಥರ್ಮಾಮೀಟರ್ ಇಟ್ಟು, ಅಂಚಿನ ಕೆಸರಿನ ಬಣ್ಣ ಗುರುತುಮಾಡಿಕೊಳ್ಳಿ.

ಹಂತ 3: ಯಾರನ್ನು ಹುಡುಕುತ್ತಿದ್ದೀರಿ ಎಂದು ತೀರ್ಮಾನಿಸಿ

ಇಲ್ಲಿ ಹುಳಿ ಸಿಗಬಹುದು, ಜ್ವಾಲಾಮುಖಿಯ ಬಿಸಿ ಸಿಗದು. ಥಾಮಸ್ ಬ್ರಾಕ್ ಮತ್ತು ಸಂಗಡಿಗರು ಯೆಲ್ಲೊಸ್ಟೋನಿನಲ್ಲಿ ಕಂಡು 1972ರಲ್ಲಿ ವಿವರಿಸಿದ ಆರ್ಕಿಯಾ ಸಲ್ಫೋಲೋಬಸ್ ಆಸಿಡೋಕಾಲ್ಡೇರಿಯಸ್‌ಗೆ 75ರಿಂದ 80 ಡಿಗ್ರಿ ಸೆಲ್ಸಿಯಸ್, ಪಿಎಚ್ 2-3 ಎರಡೂ ಒಟ್ಟಿಗೆ ಬೇಕು. ನಮ್ಮ ಬಿಸಿಲು ಅದಕ್ಕೆ ಏನೇನೂ ಸಾಲದು. ಗಣಿಯ ನೀರಿನಲ್ಲಿ ಹುಡುಕಬೇಕಾದದ್ದು ಫೆರೋಪ್ಲಾಸ್ಮಾ ಗುಂಪಿನ ಆರ್ಕಿಯಾಗಳನ್ನು. ಸುಮಾರು 40 ಡಿಗ್ರಿಯಲ್ಲಿ ಬೆಳೆಯುವ ಇವು ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿಯ ಕಡು ಆಮ್ಲದಲ್ಲಿ ಸಿಕ್ಕಿವೆ. ಆದ್ದರಿಂದ ಬಿಸಿಯ ಪಾಠವನ್ನು ಕಂಪ್ಯೂಟರಿನಲ್ಲಿ ಕಲಿಯಿರಿ, ಆಮ್ಲದ ಪಾಠವನ್ನು ನೀರಿನಲ್ಲಿ.

ಹಂತ 4: ಅಕ್ಷರ ಎಣಿಸಿ

ಈ ಹಂತಕ್ಕೆ ಒಂದು ವಾರ ಕೊಟ್ಟರೂ ನಷ್ಟವಿಲ್ಲ. ಎನ್‌ಸಿಬಿಐ ತಾಣದಿಂದ ಸಲ್ಫೋಲೋಬಸ್ ಆಸಿಡೋಕಾಲ್ಡೇರಿಯಸ್‌ನ ಜೀನೋಮ್ ಇಳಿಸಿಕೊಳ್ಳಿ. ಸುಮಾರು 22 ಲಕ್ಷ ಅಕ್ಷರಗಳಷ್ಟೇ. ಜಿ ಮತ್ತು ಸಿ ಒಟ್ಟು ಶೇಕಡಾ ಎಷ್ಟಿವೆ, ಎಣಿಸಿ. ಎ-ಟಿ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ಜೋಡಿಗೆ ಮೂರು. ಹಾಗಾದರೆ ಬಿಸಿಯಲ್ಲಿ ಬದುಕುವ ಜೀವಿಗೆ ಜಿ-ಸಿ ಹೆಚ್ಚಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಸಿಗುವುದು ಸುಮಾರು 37! ನಮ್ಮ ಕರುಳಿನ ಇ. ಕೊಲೈಯಲ್ಲೇ 51 ಇದೆ.

ಈಗ ಅದೇ ಜೀವಿಯ 16ಎಸ್ ಆರ್‌ಆರ್‌ಎನ್‌ಎ ಜೀನ್ ಒಂದನ್ನೇ ತೆಗೆದು ಎಣಿಸಿ. ಸಂಖ್ಯೆ 60 ದಾಟುತ್ತದೆ. ಈ ವ್ಯತ್ಯಾಸದಲ್ಲೇ ಇಡೀ ವಿಷಯ ಅಡಗಿದೆ. ಆ ಜೀನಿನಿಂದ ಹುಟ್ಟುವ ಆರ್‌ಎನ್‌ಎ ಒಂಟಿ ಎಳೆ. ತನ್ನ ಮೇಲೆ ತಾನೇ ಮಡಚಿಕೊಂಡು ಸ್ವಂತ ಬಂಧಗಳ ಬಲದಿಂದಲೇ ನಿಲ್ಲಬೇಕು, ಹಾಗಾಗಿ ಜಿ-ಸಿ ಬೇಕೇ ಬೇಕು. ಡಿಎನ್‌ಎಗೆ ಕಾವಲುಗಾರರಿದ್ದಾರೆ. 1984ರಲ್ಲಿ ಕಿಕುಚಿ ಮತ್ತು ಅಸಾಯ್ ಸಲ್ಫೋಲೋಬಸ್‌ನಲ್ಲಿ ಕಂಡ ರಿವರ್ಸ್ ಗೈರೇಸ್ ಎಂಬ ಕಿಣ್ವ ಡಿಎನ್‌ಎಗೆ ಹೆಚ್ಚುವರಿ ಹುರಿ ಹಾಕುತ್ತದೆ. ಹುರಿ ಬಿಗಿಯಾದ ಹಗ್ಗದ ಎಳೆ ಬಿಡಿಸುವುದು ಎಷ್ಟು ಕಷ್ಟ ಎಂದು ಹಗ್ಗ ಹೊಸೆದವರಿಗೆ ಗೊತ್ತು. ಅದರ ಮೇಲೆ ಸಲ್7 ಗುಂಪಿನ ಪುಟ್ಟ ಪ್ರೋಟೀನುಗಳು ಡಿಎನ್‌ಎಯನ್ನು ಹಿಡಿದುಕೊಂಡಿರುತ್ತವೆ. ರಿವರ್ಸ್ ಗೈರೇಸ್ ಜೀನನ್ನು ಫೆರೋಪ್ಲಾಸ್ಮಾ ಜೀನೋಮಿನಲ್ಲೂ ಬ್ಲಾಸ್ಟ್ ಮಾಡಿ ಹುಡುಕಿ. ಅಲ್ಲಿ ಇಡೀ ಜೀನ್ ಸಿಗದು. ಅಷ್ಟು ಬಿಸಿಯೇ ಇಲ್ಲದ ಕಡೆ ಅದರ ಅಗತ್ಯ ಬೀಳುವುದಿಲ್ಲ.

ಆಮ್ಲದ ಕಥೆ ಬೇರೆ. ಹೊರಗೆ ಪಿಎಚ್ 3 ಇದ್ದರೂ ಸಲ್ಫೋಲೋಬಸ್‌ನ ಒಳಗೆ ಸುಮಾರು 6.5. ಎಂದರೆ ಹೊರಗಿನ ಆಮ್ಲೀಯತೆ ಒಳಗಿನದಕ್ಕಿಂತ ಮೂರು ಸಾವಿರ ಪಟ್ಟು. ಅದನ್ನು ತಡೆಯುವುದು ಪೊರೆ. ನಮ್ಮ ಪೊರೆಯ ಕೊಬ್ಬಿನಲ್ಲಿರುವುದು ಎಸ್ಟರ್ ಬಂಧ, ಆಮ್ಲ ಅದನ್ನು ಒಡೆಯುತ್ತದೆ. ಆರ್ಕಿಯಾದ್ದು ಈಥರ್ ಬಂಧ. ಸಾಲದ್ದಕ್ಕೆ ಈ ಬದಿಯಿಂದ ಆ ಬದಿಗೆ ಒಂದೇ ಅಣು ಚಾಚಿಕೊಂಡಿರುವುದರಿಂದ ಪೊರೆಯ ಎರಡು ಪದರ ಬೇರ್ಪಡುವ ಪ್ರಶ್ನೆಯೇ ಇಲ್ಲ.

ಹಂತ 5: ಪ್ರಯೋಗಾಲಯ

ನೀರನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಆ ಫಿಲ್ಟರನ್ನು ನೇರವಾಗಿ ತಟಸ್ಥ ಬಫರಿಗೆ ಹಾಕಿದರೆ ಕಬ್ಬಿಣ ತುಕ್ಕಿನಂತೆ ಒತ್ತರಿಸಿ ಡಿಎನ್‌ಎಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲು ಅಷ್ಟೇ ಹುಳಿಯ, ಕಬ್ಬಿಣವಿಲ್ಲದ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಫೆರೋಪ್ಲಾಸ್ಮಾಕ್ಕೆ ಕೋಶಗೋಡೆ ಇಲ್ಲ, ಒರಟುತನ ಸಲ್ಲದು. ಆಮೇಲೆ ಡಿಎನ್‌ಎ ತೆಗೆದು, ಆರ್ಕಿಯಾಗಳಿಗೇ ಹೊಂದುವ ಪ್ರೈಮರ್ ಹಾಕಿ 16ಎಸ್ ಜೀನಿನ ಪಿಸಿಆರ್ ಮಾಡಿ.

ಜೀವಂತವಾಗಿ ಬೆಳೆಸುವ ಆಸೆ ಇದ್ದರೆ ಅಗಾರ್ ಮರೆತುಬಿಡಿ. ಬಿಸಿ ಮತ್ತು ಆಮ್ಲದಲ್ಲಿ ಅದು ಗಟ್ಟಿಯಾಗಿ ನಿಲ್ಲದು, ಜೆಲ್ಲನ್ ಗಮ್ ಬಳಸುತ್ತಾರೆ.

ಪ್ರತಿ ಪಿಸಿಆರ್‌ನಲ್ಲೂ ಬರೀ ಶುದ್ಧ ನೀರು ಹಾಕಿದ ಒಂದು ಟ್ಯೂಬ್ ಇರಲೇಬೇಕು. ಅದರಲ್ಲೂ ಜೆಲ್ ಮೇಲೆ ಗೆರೆ ಮೂಡಿದರೆ ಆ ದಿನದ ಫಲಿತಾಂಶವನ್ನೆಲ್ಲ ಬಿಟ್ಟುಬಿಡಿ. ಅದು ಖಾಲಿಯಾಗಿದ್ದರೆ ಉಳಿದವನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿ. ಬಂದ ಅಕ್ಷರಮಾಲೆ ಫೆರೋಪ್ಲಾಸ್ಮಾಕ್ಕೆ ಹತ್ತಿರವಿದ್ದರೆ ಮತ್ತೊಮ್ಮೆ ನೀರು ತಂದು ಪುನಃ ಮಾಡಿ. ಸಲ್ಫೋಲೋಬಸ್ ಎಂದು ಬಂದರೆ ಸಂಭ್ರಮ ಪಡುವ ಮುಂಚೆ, ಆ ಬೆಂಚಿನ ಮೇಲೆ ಇತ್ತೀಚೆಗೆ ಯಾರು ಏನು ಬೆಳೆಸಿದ್ದರು ಎಂದು ವಿಚಾರಿಸಿ.