ಆರೋಗ್ಯ ಪ್ರಶ್ನೋತ್ತರ: ತೂಕದ ಗೀಳು, ಮೈಯ ಕೊರಗು

ಪ್ರಶ್ನೆ: ತನ್ನ ಮೈಯ ಬಗ್ಗೆ ಕೀಳರಿಮೆ ಹುಟ್ಟುವುದು ಹೇಗೆ?

ಉತ್ತರ: ಪ್ರತಿಯೊಬ್ಬರ ಮನಸ್ಸಿನಲ್ಲೂ ತಮ್ಮ ದೇಹದ ಒಂದು ಚಿತ್ರ ಇರುತ್ತದೆ. ಕನ್ನಡಿಯಲ್ಲಿ ಕಾಣುವ ರೂಪಕ್ಕೂ ಈ ಚಿತ್ರಕ್ಕೂ ಹೊಂದಿಕೆ ಇರಲೇಬೇಕೆಂದಿಲ್ಲ. ಮನೆಯವರ ಮಾತು, ಶಾಲೆಯಲ್ಲಿ ಇಟ್ಟ ಅಡ್ಡಹೆಸರು, ಸಿನಿಮಾ, ಮೊಬೈಲಿನಲ್ಲಿ ಕಾಣುವ ತಿದ್ದಿದ ಫೋಟೊ ಎಲ್ಲ ಸೇರಿ ಅದನ್ನು ರೂಪಿಸುತ್ತವೆ. ಮದುವೆ ಮನೆಯಲ್ಲಿ ವರ್ಷದ ಮೇಲೆ ಸಿಕ್ಕ ನೆಂಟರು ಕ್ಷೇಮಸಮಾಚಾರಕ್ಕಿಂತ ಮೊದಲು ‘ಎಷ್ಟು ದಪ್ಪ ಆಗಿದ್ದೀಯೇ!’ ಎನ್ನುತ್ತಾರೆ. ತೆಳ್ಳಗಿನ ಹುಡುಗನಿಗೆ ‘ಗಾಳಿ ಬಂದರೆ ಹಾರಿಹೋಗ್ತೀಯಾ’ ಎನ್ನುತ್ತಾರೆ. ಆಡಿದವರು ಊಟದ ಪಂಕ್ತಿಗೆ ಕೂರುವಷ್ಟರಲ್ಲಿ ಆ ಮಾತನ್ನು ಮರೆತಿರುತ್ತಾರೆ. ಹದಿಹರೆಯದವರ ಮನಸ್ಸಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಚಂದದ ಅಳತೆ ಹೊರಗಿನಿಂದ ಬರುತ್ತದೆ ಎಂಬುದಕ್ಕೆ ಫಿಜಿ ದ್ವೀಪಗಳ ಅಧ್ಯಯನ ಹೆಸರಾಗಿದೆ. ಅಲ್ಲಿ ತುಂಬಿದ ಮೈಗೇ ಮೆಚ್ಚುಗೆ ಇತ್ತು. ನದ್ರೋಗ ಪ್ರದೇಶಕ್ಕೆ 1995ರಲ್ಲಿ ಟಿ.ವಿ. ಬಂತು. ಮನೋವೈದ್ಯೆ ಆನ್ ಬೆಕರ್ ಅವರ ತಂಡ ಆ ವರ್ಷವೂ ಮತ್ತೆ 1998ರಲ್ಲೂ ಅಲ್ಲಿನ ಶಾಲಾ ಹುಡುಗಿಯರನ್ನು ಸಮೀಕ್ಷೆಗೆ ಒಳಪಡಿಸಿತು. ತೂಕ ಇಳಿಸಲೆಂದು ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ಬಳಿಕ ಆ ಪ್ರಮಾಣ ಶೇ 11 ದಾಟಿತ್ತು.

ಪ್ರಶ್ನೆ: ಬಿಎಂಐ ಸರಿಯಿದ್ದರೆ ಆರೋಗ್ಯ ಸರಿಯಿದೆ ಎಂದರ್ಥವೇ?

ಉತ್ತರ: ಹಾಗೆ ಹೇಳಲಾಗದು. ಕಿಲೋಗ್ರಾಂ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. 160 ಸೆಂ.ಮೀ. ಎತ್ತರದವರು 59 ಕೆ.ಜಿ. ಇದ್ದರೆ ಅದು ಸುಮಾರು 23. ಈ ಸೂತ್ರದ ಮೂಲ 19ನೇ ಶತಮಾನದ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅವರು ಹುಡುಕುತ್ತಿದ್ದುದು ಜನಸಮೂಹದ ಸರಾಸರಿಯನ್ನು, ಒಬ್ಬ ವ್ಯಕ್ತಿಯ ರೋಗವನ್ನಲ್ಲ. ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರ ಪ್ರಬಂಧದಿಂದ.

ಈ ಅಂಕಿ ಮಾಂಸಖಂಡವನ್ನೂ ಕೊಬ್ಬನ್ನೂ ಬೇರ್ಪಡಿಸುವುದಿಲ್ಲ. ಪುಣೆಯ ಮಧುಮೇಹ ತಜ್ಞ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ದೇಹವನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುವುದರಿಂದ, ಬೇರೆಡೆ ಅಧಿಕ ತೂಕದ ಗಡಿ 25 ಇದ್ದರೆ ಇಲ್ಲಿ 23 ಎಂದು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆಯನ್ನೂ ನೋಡುತ್ತಾರೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ತೆಳ್ಳಗಿದ್ದವರೆಲ್ಲ ಆರೋಗ್ಯವಂತರಲ್ಲ, ದಪ್ಪಗಿದ್ದವರೆಲ್ಲ ರೋಗಿಗಳಲ್ಲ. ಬಿಎಂಐ ಮುಂದಿನ ಪರೀಕ್ಷೆಗೆ ಸೂಚನೆ ಕೊಡುತ್ತದೆ, ಅಷ್ಟೇ.

ಪ್ರಶ್ನೆ: ಒಂದೇ ದಿನದಲ್ಲಿ ತೂಕ ಒಂದು ಕಿಲೋ ಏರುವುದೇಕೆ?

ಉತ್ತರ: ಅದು ಬಹುಪಾಲು ನೀರು. ಉಪ್ಪಿನಕಾಯಿ, ಹಪ್ಪಳ ಇರುವ ಹಬ್ಬದೂಟದ ಮರುದಿನ, ಸೇರಿದ ಉಪ್ಪಿಗೆ ತಕ್ಕಂತೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗುವ, ಸಕ್ಕರೆಯ ರೂಪವಾದ ಗ್ಲೈಕೋಜನ್‌ನ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ, ಮಲಬದ್ಧತೆ ಇದ್ದಾಗಲೂ ಅಂಕಿ ಏರುತ್ತದೆ. ಒಂದು ಕಿಲೋ ಕೊಬ್ಬು ಕೂಡಬೇಕಾದರೆ ದೇಹಕ್ಕೆ ಬೇಕಾದುದಕ್ಕಿಂತ ಸುಮಾರು 7,700 ಕಿಲೋಕ್ಯಾಲರಿ ಹೆಚ್ಚು ತಿನ್ನಬೇಕು. ಒಂದು ಹೋಳಿಗೆ ಊಟದಿಂದ ಅದು ಆಗುವ ಮಾತಲ್ಲ. ಅನ್ನ, ಚಪಾತಿ ಪೂರ್ತಿ ಬಿಟ್ಟವರಲ್ಲಿ ಮೊದಲ ವಾರ ಸರಸರನೆ ಇಳಿಯುವ ತೂಕವೂ ಹೆಚ್ಚಾಗಿ ನೀರೇ. ದಿನವೂ ತೂಕ ನೋಡಿ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಕಾರಣವಿಲ್ಲ.

ಪ್ರಶ್ನೆ: ಊಟ ಬಿಟ್ಟವರಿಗೆ ಊಟದ್ದೇ ಯೋಚನೆ ಬರುವುದು ಮನೋಬಲದ ಕೊರತೆಯೇ?

ಉತ್ತರ: ಅಲ್ಲ, ಅದು ಹಸಿದ ದೇಹದ ಸಹಜ ಪ್ರತಿಕ್ರಿಯೆ. ಇದೇ ಆನ್ಸೆಲ್ ಕೀಸ್ 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಎಲ್ಲರೂ ಒಪ್ಪಿ ಬಂದವರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಸಿಡುಕು, ಖಿನ್ನತೆ, ನಿರುತ್ಸಾಹ ಬಂದವು. ಅಡುಗೆಗೆ ಎಂದೂ ತಲೆ ಹಾಕದವರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆಯಲ್ಲಿದ್ದುದನ್ನು ತುಂಬ ಹೊತ್ತು ಕಲಸಿಕೊಂಡು ಕೂರುತ್ತಿದ್ದರು. ಊಟ ಮತ್ತೆ ಹೆಚ್ಚಿಸಿದಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಇರಲಿಲ್ಲ. ಕಠಿಣ ಡಯಟ್ ಮಾಡಿ ಆಮೇಲೆ ಒಮ್ಮೆಗೇ ಮುಗಿಬಿದ್ದು ತಿನ್ನುವವರಲ್ಲಿ ನಡೆಯುವುದೂ ಇದೇ. ಅವರಿಗೆ ಬೇಕಾದುದು ಹೊತ್ತುಹೊತ್ತಿಗೆ ಊಟ. ಬೈಗುಳವಲ್ಲ, ಇನ್ನಷ್ಟು ಉಪವಾಸವೂ ಅಲ್ಲ.

ಪ್ರಶ್ನೆ: ತೂಕದ ಗೀಳು ಬಿಡುವುದೆಂದರೆ ಆರೋಗ್ಯವನ್ನು ಕಡೆಗಣಿಸಿದಂತೆ ಆಗುವುದಿಲ್ಲವೇ?

ಉತ್ತರ: ಇಲ್ಲ. ಗಮನವನ್ನು ಅಂಕಿಯಿಂದ ದೇಹದ ಕೆಲಸದತ್ತ ತಿರುಗಿಸಿದಂತೆ ಆಗುತ್ತದೆ. ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್, ಹಿಮೋಗ್ಲೋಬಿನ್, ನಿದ್ದೆಯ ಗುಣ, ಮೆಟ್ಟಿಲು ಹತ್ತಿದಾಗಿನ ಉಸಿರು ಆರೋಗ್ಯದ ಬಗ್ಗೆ ಹೆಚ್ಚು ಹೇಳುತ್ತವೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ವ್ಯಾಯಾಮದಿಂದ ತೂಕ ಇಳಿಯದಿದ್ದರೂ ರಕ್ತದೊತ್ತಡ ಮತ್ತು ಸಕ್ಕರೆ ಹತೋಟಿಗೆ ಬರಲು ಸಹಾಯವಾಗುತ್ತದೆ. ಮಧುಮೇಹ, ಮಂಡಿನೋವು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಇರುವವರು ವೈದ್ಯರು ಹೇಳಿದಂತೆ ತೂಕ ಇಳಿಸಬೇಕಾಗಬಹುದು. ಅದು ಚಿಕಿತ್ಸೆಯ ಭಾಗ. ಅದಕ್ಕೆ ಮೈಯನ್ನು ದ್ವೇಷಿಸಬೇಕಿಲ್ಲ. ಹೃದಯ ಅಥವಾ ಕಿಡ್ನಿ ಕಾಯಿಲೆಗಾಗಿ ದಿನವೂ ತೂಕ ನೋಡಲು ವೈದ್ಯರು ಹೇಳಿದ್ದರೆ ಅದನ್ನು ನಿಲ್ಲಿಸಬಾರದು.

ಉಳಿದವರು ತೂಕದ ಯಂತ್ರವನ್ನು ಕಣ್ಣಿಗೆ ಬೀಳದ ಕಡೆ ಇಡುವುದು ಒಳ್ಳೆಯ ಆರಂಭ. ಸಣ್ಣಗಾದಾಗ ತೊಡೋಣ ಎಂದು ಬೀರುವಿನಲ್ಲಿ ಇಟ್ಟ ರವಿಕೆಯ ಹೊಲಿಗೆ ಬಿಚ್ಚಿಸಿ, ಈಗಿನ ಅಳತೆಗೆ ಸರಿಮಾಡಿಸಿಕೊಳ್ಳಬಹುದು. ಕೀಳರಿಮೆ ಹುಟ್ಟಿಸುವ ಖಾತೆಗಳನ್ನು ಮೊಬೈಲಿನಿಂದ ತೆಗೆಯಬಹುದು. ಮನೆಯವರು ಮಕ್ಕಳೆದುರು ತಮ್ಮ ಮೈಯನ್ನಾಗಲಿ ಮಕ್ಕಳ ಮೈಯನ್ನಾಗಲಿ ಹೀಗಳೆಯದಿರುವುದು ಎಲ್ಲಕ್ಕಿಂತ ಮುಖ್ಯ.

ಪ್ರಶ್ನೆ: ವೈದ್ಯರ ಸಹಾಯ ಯಾವಾಗ ಬೇಕು?

ಉತ್ತರ: ಊಟ ತಪ್ಪಿಸಲು ನೆಪ ಹೇಳುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಭೇದಿ ಮಾತ್ರೆ ನುಂಗುವುದು, ಕದ್ದುಮುಚ್ಚಿ ಅತಿಯಾಗಿ ತಿನ್ನುವುದು, ಮುಟ್ಟು ನಿಲ್ಲುವುದು, ತಲೆಸುತ್ತು, ಮೈ ಇಷ್ಟವಿಲ್ಲವೆಂದು ಕಾಲೇಜು ಬಿಡುವುದು ಕಂಡರೆ ತಡಮಾಡಬಾರದು. ಪದೇಪದೇ ವಾಂತಿ ಮಾಡಿಕೊಂಡರೆ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯವೇ ತಪ್ಪಬಹುದು. ಊಟಕ್ಕೆ ಸಂಬಂಧಿಸಿದ ಈ ಮನೋಕಾಯಿಲೆಗಳು ಹುಡುಗರಿಗೂ ಬರುತ್ತವೆ. ಅವರಲ್ಲಿ ಕೆಲವರಿಗೆ ಮೈಕಟ್ಟು ಸಾಲದೆಂಬ ಕೊರಗು. ಮನೋವೈದ್ಯರು, ಆಪ್ತಸಮಾಲೋಚಕರು ಮತ್ತು ಆಹಾರ ತಜ್ಞರು ಸೇರಿ ಚಿಕಿತ್ಸೆ ಕೊಟ್ಟರೆ ಗುಣವಾಗಬಹುದು. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.